ಮಹಾಪ್ರಾಣ

ಮುಲುಂಡಿನ ಬಿಲ್ಡಿಂಗಿನ ಹಿಂದೆ ಮೂರು ವರ್ಷ
ಹೆರಾಲ್ಡ್ ಕಾರಿನಡಿ ನಾನು ಅಂಗಾತ.
ಕೆರೆದಷ್ಟೂ ತುಕ್ಕು. ಬೆರಳು ತಾಗಿದರೆ
ಹಪ್ಪಳದಂತೆ ಮುರಿಯುವ ತಳ.
ಕುರ್ಲಾ ಗುಜರಿಯ ಕಾರ್ಬ್ಯುರೇಟರ್ ತಂದು ಕೂರಿಸಿದರೆ
ಬೋಲ್ಟಿಗೂ ತೂತಿಗೂ ಒಂದು ನೂಲು ಅಂತರ.

ರೊಟ್ಟಿ ಪರಾತದ ಸೀಮೆಎಣ್ಣೆಯಲ್ಲಿ ನಟ್ಟು ನೆನೆದದ್ದು ಕಂಡು
ಸುಗಂಧಿ ಎರಡು ದಿನ ಮಾತು ಬಿಟ್ಟಳು.
ಸೊಸೈಟಿಯ ಪೆಂಡ್ಸೆ ನೋಟೀಸು ಅಂಟಿಸಿದರು:
‘ಭಂಗಾರ್ ಹಟವಾ.’
ನಾನು ಮಹಾಪ್ರಾಣ ತೆಗೆದು ಓದಿಕೊಂಡೆ.

ಇವತ್ತು ಚೋಕ್ ಎಳೆದು ಕೀಲಿ ತಿರುಗಿಸಿದೆ.
ಕೆಮ್ಮಿತು. ಸತ್ತಿತು.
ಮತ್ತೆ ಕೆಮ್ಮಿ, ಹಿಡಿಯಿತು—
ಅರ್ಧ ನಿಮಿಷ, ನೀಲಿ ಹೊಗೆ, ಎಲ್ಲ ಕಿಟಕಿಯಲ್ಲೂ ತಲೆ.
ಬನಿಯನ್ನಿನಲ್ಲೇ ಇಳಿದುಬಂದ ಪೆಂಡ್ಸೆ
ಬಾನೆಟ್ಟಿಗೆ ಕಿವಿಯಿಟ್ಟು ನಿಂತರು, ನಿಂತೇ ಇದ್ದರು.
‘ಎರಡನೇ ಸಿಲಿಂಡರಿಗೆ ಉಸಿರು ಕಟ್ಟಿದೆ’ ಎಂದರು.

ಮೇಲಿಂದ ಸುಗಂಧಿ:
‘ಪರಾತ ಬೇಕಾ?’