ಜಂತ್ರಡಿ ಹಲಗೆ ಒಂದು, ಸುಸ್ಥಿತಿಯಲ್ಲಿದೆ

ಪಂಚನಾಮೆಯ ನಾಲ್ಕನೇ ಪ್ರತಿ ಟೈಪು ಮಾಡುತ್ತಿದ್ದೇನೆ
ಕುಮಟೆಯ ಕಚೇರಿಯಲ್ಲಿ, ರೆಕ್ಕೆ ಎಣಿಸುವಷ್ಟು
ನಿಧಾನ ತಿರುಗುವ ಫ್ಯಾನಿನ ಕೆಳಗೆ.
ಸ್ಥಳ: ಬೆಳ್ತಕುರ್ವೆ, ಅಘನಾಶಿನಿಯ ಎಡದಂಡೆ.
ಖಾರ್‌ಲ್ಯಾಂಡ್ ಒಡ್ಡು, ಸರಪಳಿ ನಾನೂರಿಪ್ಪತ್ತರಿಂದ ಐನೂರರವರೆಗೆ
ಕೊಚ್ಚಿಹೋಗಿರುತ್ತದೆ.
ಈ 'ಇರುತ್ತದೆ' ನಮ್ಮ ಇಲಾಖೆಯ ಕ್ರಿಯಾಪದ.
ಸತ್ತವರೂ ನಮ್ಮಲ್ಲಿ ಮೃತಪಟ್ಟಿರುತ್ತಾರೆ,
ಅನುದಾನವೂ ಬಂದಿರುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಈ ಕಡತ ಕಿರುಬೆರಳಷ್ಟು ದಪ್ಪ.
ಮೂರು ಲಕ್ಷ ನಲವತ್ತು ಸಾವಿರ ಕೇಳಿ ಕಾರವಾರಕ್ಕೆ ಹೋಯಿತು,
ಒಂದು ಷರಾ ಹೊತ್ತು ಮರಳಿತು. ಮತ್ತೆ ಹೋಯಿತು,
ದರಪಟ್ಟಿ ಬದಲಾಗಿದೆಯೆಂದು ಮರಳಿತು.
ಹೊಳೆಯ ಭರತ ಇಳಿತವನ್ನು ಪಂಚಾಂಗ ನೋಡಿ ಹೇಳಬಹುದು,
ಕಡತದ್ದನ್ನು ಹೇಳಲಾಗದು.
ನಡುವೆ ಒಂದು ವರ್ಷ ಹಲಗೆ ಬದಲಿಸಿದ್ದಾಗಿ ಬಿಲ್ಲಾಯಿತು.
ಎರಡು ವರ್ಷ ಬಿಟ್ಟು ಇನ್ನೊಮ್ಮೆ.
ಎರಡರ ಮೇಲೂ ನನ್ನದೇ ಗುಂಡು ಅಕ್ಷರ.
ಹಲಗೆ ಕಂಡವರು ಯಾರೋ, ನಾನಂತೂ ಅಲ್ಲ.
ಆಗಲೇ ಹೆದ್ದಾರಿ ತಿರುವಿನಲ್ಲಿ ಸ್ವಾಗತ ಕಮಾನು ಎದ್ದದ್ದು:
ಮೂವತ್ತೆಂಟು ಲಕ್ಷ, ನೀಲಿ ದೀಪ, ಸಿಮೆಂಟಿನ ಎರಡು ಡಾಲ್ಫಿನ್ನು.
ಒಂದರ ಮೂತಿ ಈಗಾಗಲೇ ಉದುರಿದೆ.

ಜಂತ್ರಡಿ ಕಾಯುವ ಹೊಸಬಯ್ಯ ಅಂಬಿಗನಿಗೆ ತಿಂಗಳಿಗೆ ಒಂಬೈನೂರು.
ಅದು ನಿಂತು ಹದಿನೇಳು ತಿಂಗಳು.
ನಿಂತದ್ದು ಸಂಬಳ, ಅವನಲ್ಲ.
ಭರತಕ್ಕೆ ಇಳಿಸುವುದು, ಇಳಿತಕ್ಕೆ ಎತ್ತುವುದು,
ಅವನ ಮನೆಯಲ್ಲಿ ಗಡಿಯಾರವೇ ಇಲ್ಲ.

ಆ ಅಮಾವಾಸ್ಯೆ ರಾತ್ರಿ ಘಟ್ಟದಿಂದ ನೆರೆ, ಎದುರಿಂದ ಕಡಲು.
ಹಲಗೆಗೆ ಕೈಹಾಕಿದರೆ ನೆನೆದ ಅವಲಕ್ಕಿ.
ಮನೆಗೆ ಓಡಿದ. ತನ್ನ ಬಾಗಿಲನ್ನೇ ಕಿತ್ತ.
ಹಲಸಿನ ಮರದ್ದು, ಅಪ್ಪ ಮಾಡಿಸಿದ್ದು.
ಹೆಂಡತಿ ಬ್ಯಾಟರಿ ಹಿಡಿದಳು.
ಬಾಗಿಲು ಅದಕ್ಕೇ ಕೊಯ್ದ ಹಾಗೆ ಕೂತಿತು.
ತಡೆಯಿತು ಕೂಡ.
ಪಕ್ಕದ ಒಡ್ಡು ತಡೆಯಲಿಲ್ಲ.

ಗಜನಿ ಗದ್ದೆ ನೂರಾ ಮೂವತ್ತು ಎಕರೆ.
ಉಪ್ಪಿಗೆ ಹೆದರದ ಭತ್ತ ಕಗ್ಗ,
ಕುತ್ತಿಗೆ ಮುಳುಗಿದರೂ ಉಸಿರು ಕಟ್ಟಿ ನಿಲ್ಲುವಂಥದ್ದು;
ಮಣ್ಣೇ ಹೋದಮೇಲೆ ಅದಾದರೂ ಎಲ್ಲಿ ನಿಂತೀತು?
ಬಾವಿ ಹನ್ನೊಂದು.
ಕುಪ್ಪಿ ಪಟಗಾರ್ತಿ ಕೊಟ್ಟ ಚಾ ಒಡೆದಿತ್ತು.
"ಹಾಲಿಂದು ತಪ್ಪಲ್ಲ ಅಮಾ, ಬಾವಿದು" ಎಂದಳು.
ಕುಡಿದೆ. ಕಣ್ಣೀರಿನ ರುಚಿ ಎಂದರೆ ಸುಳ್ಳಾದೀತು.
ಬರೀ ಉಪ್ಪು, ಸ್ವಲ್ಪ ಕೆಸರು.

ಸಾಹೇಬರು ಬಾಗಿಲ ಮುಂದೆ ಫೋಟೊ ತೆಗೆಸಿಕೊಂಡರು.
"ಬರೆದುಕೊಳ್ಳಿ: ಜಂತ್ರಡಿ ಹಲಗೆ, ಮರದ್ದು, ಒಂದು.
ಸುಸ್ಥಿತಿಯಲ್ಲಿದೆ."
ಎರಡು ಬಿಲ್ಲಿಗೂ ಒಮ್ಮೆಲೇ ಸಾಕ್ಷಿ ಸಿಕ್ಕಿತು.
ಫೋಟೊ ಹಿಗ್ಗಿಸಿ ನೋಡಿದೆ.
ಅಂಚಿನುದ್ದಕ್ಕೂ ಕತ್ತಿಯಲ್ಲಿ ಕೊರೆದ ಆರು ಗೀಟು,
ಕೊನೆಯದರ ಪಕ್ಕ ಮಸಿಯಲ್ಲಿ: ಲತಿಕಾ, ಆರನೇ ಕ್ಲಾಸು.
ಸಾಹೇಬರು ಅದನ್ನೂ ಬಿಟ್ಟಿಲ್ಲ:
ನೀರಿನ ಮಟ್ಟದ ಗುರುತುಗಳು ಇರುತ್ತವೆ.

ಮಂಗಳವಾರ ಹೊಸಬಯ್ಯ ಬಂದಿದ್ದ, ಚಪ್ಪಲಿ ಹೊರಗೆ ಬಿಟ್ಟು.
"ಬಾಗ್ಲು ಕೊಡಿ. ರಾತ್ರೆ ನಾಯಿ ಒಳಗೆ ಬತ್ತದೆ.
ಹುಡುಗಿ ದೊಡ್ಡವಳಾಗಿದ್ದು."
ಸರಕಾರಿ ಸೊತ್ತು, ಅರ್ಜಿ ಕೊಡಬೇಕು ಎಂದರು.
ಅರ್ಜಿಗೆ ದಾಖಲೆ ಬೇಕು, ಬಾಗಿಲು ಅವನದೆಂಬುದಕ್ಕೆ.
ಅವನು ತುಸು ಹೊತ್ತು ನಿಂತ.
ಕೀಲಿಕೈ ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದ.

ಹೊಸ ಅಂದಾಜು ಎರಡು ಕೋಟಿ ಹನ್ನೊಂದು ಲಕ್ಷ.
ಈ ಬಾರಿ ಬೇಗ ಮಂಜೂರಾಗುತ್ತದಂತೆ.

ಮೂರು ಪ್ರತಿಗೆ ಮುದ್ರೆ ಬಿದ್ದು ಹೋಗಿಯಾಗಿದೆ.
ನಾಲ್ಕನೆಯದು ಕಚೇರಿ ಪ್ರತಿ, ಯಾರೂ ಓದುವುದಿಲ್ಲ.
ಇದರಲ್ಲಿ ಮಾತ್ರ ಆ ಸಾಲು ಅಳಿಸಿ ಬರೆದೆ:
ಬಾಗಿಲು ಒಂದು. ಹೊಸಬಯ್ಯನದು.
ಲತಿಕಾ ಆರು ಗೀಟು ಬೆಳೆದಿರುತ್ತಾಳೆ.

ಯಾರೂ ಓದದ ಕಡೆ ಬರೆಯುವುದಕ್ಕೆ
ಧೈರ್ಯ ಎನ್ನುವುದಿಲ್ಲ, ಗೊತ್ತಿದೆ.
ಇವತ್ತು ಭರತ ಮೂರೂವರೆಗೆ.
ಈಚೆಗೆ ನಾನೂ ನೋಡಿಟ್ಟುಕೊಳ್ಳುತ್ತೇನೆ.
ಈಗ ಮೂರು ಹತ್ತು.