ಜೋಡಿ ಗಾಜು

ಗಣಿ ಧಣಿಯ ಬಂಗಲೆ ಒಡೆದ ವರ್ಷ
ಮೋತಿ ಸರ್ಕಲ್ಲಿನಾಚೆ ಗುಜರಿಯಲ್ಲಿ
ಗೋಡೆಗೊರಗಿ ನಿಂತಿದ್ದ ಕಿಟಕಿ ಇದು.
ಎರಡು ಗಾಜು. ನಡುವೆ ಬೆರಳಗಲ, ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೇ ಎಂಟುನೂರು ಜಾಸ್ತಿ ಕೇಳಿದ.
ಕೊಟ್ಟೆ.

ಯಾಕಂದರೆ ಇವನಿಗೆ ತೋರಣಗಲ್ಲಿನಲ್ಲಿ ರಾತ್ರಿ ಪಾಳಿ,
ನನಗೆ ಕೌಲ್‌ಬಜಾರಿನ ಮನೆಯಲ್ಲೇ ಹಗಲು ಪಾಳಿ:
ದಿನಕ್ಕೆ ನೂರಿಪ್ಪತ್ತು ಜೇಬು, ಜೀನ್ಸಿನವು, ಹಿಂದಿನವು.
ಅವನು ಮಲಗುವ ಹೊತ್ತಿಗೆ ನನ್ನ ಮಷೀನು ಏಳುತ್ತದೆ.
ಎರಡು ಕೋಣೆಯ ನಡುವಿನ ಗೋಡೆಯಲ್ಲಿ ಕಿಂಡಿ ಮೊದಲೇ ಇತ್ತು,
ಇದನ್ನು ಕೂರಿಸಿದೆವು.
ಮಷೀನಿನ ಸದ್ದು ನನ್ನ ಕಡೆಯ ಗಾಜಿಗೆ ಬಡಿದು
ಆ ಏನೂ ಇಲ್ಲದ್ದರಲ್ಲಿ ಬಿದ್ದು ಸತ್ತಿತು.
ತಲೆ ಎತ್ತಿದರೆ ಅವನ ಅಂಗಾಲು ಕಾಣುತ್ತಿತ್ತು,
ಎಷ್ಟು ತಿಕ್ಕಿದರೂ ಹೋಗದ ಅದಿರಿನ ಕೆಂಪು.

ಈ ಬೇಸಿಗೆಗೆ ಅಂಗಾಲು ಮಸುಕಾಯಿತು.
ಸೆರಗಿನಿಂದ ಒರೆಸಿದೆ, ಹೋಗಲಿಲ್ಲ.
ಆಚೆ ಹೋಗಿ ಒರೆಸಿದೆ, ಹೋಗಲಿಲ್ಲ.
ಮಂಜು ನನ್ನ ಕಡೆಯದಲ್ಲ. ಅವನ ಕಡೆಯದೂ ಅಲ್ಲ.

ಗಾಜಿನಂಗಡಿಯ ಖಾಸಿಂಪೀರ ಬಂದು ಅಂಚನ್ನು ಉಗುರಲ್ಲಿ ಕೆದರಿ
"ಅಕ್ಕಾ, ಸೀಲು ಹೋಗೈತಿ. ಒಳಗ ತೇವ ಇಳದೈತಿ.
ಆ ಕಡೆ ಕೂಲರಿನ ನೀರು, ಈ ಕಡೆ ನಿನ್ನ ಇಸ್ತ್ರಿ ಹಬೆ,
ಪಾಪ, ಅದಾದ್ರೂ ಏನು ಮಾಡ್ತೈತಿ" ಅಂದ.
ಹೊಸದಕ್ಕೆ ಆರು ಸಾವಿರ, ಹೈದರಾಬಾದಿನಿಂದ ಬರಬೇಕು.
ನಾನೂ ಬಗ್ಗಿ ನೋಡಿದೆ.
ಇದು ಗಾಜಿನ ರೋಗ ಅಲ್ಲ, ಹೊಲಿಗೆಯ ರೋಗ.
ಅಸ್ತರು ಬಿಟ್ಟಿದೆ. ಬಿಚ್ಚಿ ಹೊಲಿದರೆ ಆಯಿತು.

ಬ್ಲೇಡಿನಲ್ಲಿ ಕರಿ ಅಂಟು ಸೀಳಿದೆ,
ತೊಡೆಯ ಮೇಲೆ ಗಾಜು, ಉಸಿರು ಹಿಡಿದು.
ನಡುವಿನ ಪಟ್ಟಿಯ ಹೊಟ್ಟೆಯಿಂದ ಕಾಳು ಜಲಜಲ ಉದುರಿದವು,
ಸಾಬೂದಾಣಿಯ ಹಾಗೆ.
"ನೀರು ಕುಡಿಯೋ ಕಾಳು, ಹೊಟ್ಟಿ ತುಂಬ್ಯಾವ, ಚೆಲ್ಲು"
ಅಂದು ಪೀರ ಬೇರೆ ಒಂದು ಹಿಡಿ ಕೊಟ್ಟ.
ಅವೂ ಅವನ ಅಂಗಡಿಯ ಗಾಳಿ ಕುಡಿದು ಗುಲಾಬಿಯಾಗಿದ್ದವು.
ಹಿಡಿ ಮುರಿದ ಬಾಣಲೆಯಲ್ಲಿ, ಸಣ್ಣ ಉರಿಗೆ, ಹುರಿದೆ.
ಗುಲಾಬಿ ನೇರಳೆಯಾಗಿ, ನೇರಳೆ ನೀಲಿಯಾಗಿ,
ವಾಷಿಂಗಿಗೆ ಹೋಗದ ಹೊಸ ಜೀನ್ಸಿನ ನೀಲಿ.
ಆ ಬಾಣಲೆಗೆ ಇನ್ನು ಅಡಿಗೆ ಇಲ್ಲ.
ಚೌಕಟ್ಟಿನ ಕೆಳಗೆ ನೀರು ಹೋಗಲಿಕ್ಕೆ ಮೂರು ತೂತು ಇದ್ದವಂತೆ,
ಯಾರಿಗೆ ಗೊತ್ತು.
ಕೆಮ್ಮಣ್ಣು, ಅರಳೆಯ ನಾರು, ಒಂದು ಸತ್ತ ಗೊದ್ದ.
ಹದಿನೆಂಟನೇ ನಂಬರಿನ ಸೂಜಿಯಲ್ಲಿ ಬಿಡಿಸಿದೆ.

ಎರಡು ದಿನ ಅಂಟು ಒಣಗಬೇಕು.
ಎರಡು ದಿನ ಗೋಡೆಯಲ್ಲಿ ಬರೀ ಕಿಂಡಿ.
ಮಷೀನು ನಿಲ್ಲಿಸುವಂತಿರಲಿಲ್ಲ, ಸೇಠು ಲಾಟಿಗೆ ಕಾಯುತ್ತಿದ್ದ.
ಇವನು ಮಲಗಲಿಲ್ಲ.
ದಿಂಬು ತೊಡೆಗಿಟ್ಟು ಕೂತು ಮಾತಾಡಿದ:
ಕ್ರೇನಿನ ಮೇಲೆ ಗೂಡು ಕಟ್ಟಿದ ಗೊರವಂಕ,
ಸಾರಿಗೆ ಉಪ್ಪು ಮರೆತ ಕ್ಯಾಂಟೀನಿನ ಹುಡುಗ,
ಎಲ್ಲಾ ಎಂಟು ತಿಂಗಳು ಹಳೇ ಸುದ್ದಿ.
ನಾನು ಕಿಂಡಿಯೊಳಗೆ ಕೈ ತೂರಿಸಿ ಒಗ್ಗರಣೆ ಮಂಡಕ್ಕಿ ಕೊಟ್ಟೆ.
ಮಿರ್ಚಿಯ ತುದಿ ಕಚ್ಚಿ, ಉಳಿದದ್ದನ್ನು ವಾಪಸು ತೂರಿಸಿದ.
ಆವತ್ತು ಹದಿನೇಳು ಜೇಬು ಸೊಟ್ಟ.

ಮೂರನೇ ದಿನ ಗಾಜು ಕೂರಿಸಿ
ಮೂಲೆಯಿಂದ ಮೂಲೆಗೆ ರಬ್ಬರು ಒತ್ತಿದೆ,
ರವಿಕೆಗೆ ಪೈಪಿಂಗ್ ಕೊಡುವ ಹಾಗೆ.
ಅಂಗಾಲು ಕಂಡಿತು. ಕೆಂಪು, ಬಿರುಕು, ಎಲ್ಲ.

ಮಧ್ಯಾಹ್ನ ನೋಡುತ್ತೇನೆ,
ಎರಡು ಗಾಜಿನ ನಡುವೆ, ಕೆಳಗಿನ ಮೂಲೆಯಲ್ಲಿ
ಕಿತ್ತಳೆ ಬಣ್ಣದ ದಾರದ ತುಂಡು. ಜೇಬಿನ ದಾರ.
ಮುಚ್ಚುವಾಗ ನನ್ನ ಮೈಮೇಲಿಂದ ಬಿದ್ದಿರಬೇಕು.
ಪೀರನಿಗೆ ಫೋನು ಮಾಡಿದರೆ "ಇರಲಿ ಬಿಡಕ್ಕ" ಅಂತಾನೆ.
ಇವನೂ ಎದ್ದು ಬಂದಿದ್ದಾನೆ.
ಬಗ್ಗಿ, ಆ ಕಡೆಯಿಂದ ಅದರ ಮೇಲೆ ಬೆರಳಿಟ್ಟು
ಏನೋ ಹೇಳುತ್ತಿದ್ದಾನೆ, ನಗುತ್ತಿದ್ದಾನೆ.
ಕೇಳಿಸುತ್ತಿಲ್ಲ.
ರಿಪೇರಿ ಚೆನ್ನಾಗಿಯೇ ಆಗಿದೆ.