ಬುಧವಾರ, ಎರಡು ಗಂಟೆ

ಏನೂ ಆಗಿರಲಿಲ್ಲ, ಅದೇ ತೊಂದರೆ.
ಯಾರೂ ನೀರಿಗೆ ಬಿದ್ದಿರಲಿಲ್ಲ, ಯಾವ ಹಾಯಿಗಂಬವೂ ಮುರಿದಿರಲಿಲ್ಲ.
ಜೂನ್ ತಿಂಗಳ ಒಂದು ಮಧ್ಯಾಹ್ನ
ಸೇತುವೆ ಎತ್ತುವ ಗುಂಡಿ ಒತ್ತಿಯಾದ ಮೇಲೆ
ಎದೆಯೊಳಗೆ ಯಾರೋ ಕೇಳಿದರು: ಕನ್ನಡಿ ನೋಡಿದೆಯಾ?
ಗೇಟಿನೊಳಗೆ ಸೈಕಲ್ಲಿನ ಹುಡುಗಿಯೊಬ್ಬಳು ಇದ್ದಿದ್ದರೆ?

ಇರಲಿಲ್ಲ.
ಆದರೆ ಆ 'ಇದ್ದಿದ್ದರೆ' ನನ್ನ ಹಿಂದೆಯೇ ಮನೆಗೆ ಬಂತು,
ಊಟಕ್ಕೆ ಕೂತಿತು,
ರಾತ್ರಿಯಿಡೀ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿತು.

ಮರುದಿನ ಎರಡು ಸಲ ನೋಡಿದೆ. ಆ ವಾರ ನಾಲ್ಕು ಸಲ.
ಆಗಸ್ಟಿನ ಹೊತ್ತಿಗೆ ಮೆಟ್ಟಿಲಿಳಿದು ಗೇಟು ಮುಟ್ಟಿ
ಹತ್ತಿ ಬಂದು, ಮತ್ತೆ ಇಳಿದು,
ಕಾಲುವೆಯ ತುಂಬ ದೋಣಿ, ರಸ್ತೆಯ ತುಂಬ ಕಾರು,
ನಡುವೆ ಗುಂಡಿಯ ಮೇಲೆ ನಡುಗುವ ಒಂದು ಬೆರಳು.
ಸೆಪ್ಟೆಂಬರಿನ ಬೆಳಿಗ್ಗೆ ಸೈಕಲ್ಲು ಮುಂದಕ್ಕೆ ಹೋಗಲಿಲ್ಲ.
ಹುಲ್ಲುಗಾವಲಿನ ಬದಿ ಒಂದು ಕಾಲೂರಿ ನಿಂತೆ,
ಕುರಿಗಳು ಬಂದು ನೋಡಿ, ಬೇಸರವಾಗಿ, ತಿರುಗಿ ಹೋಗುವಷ್ಟು ಹೊತ್ತು.

ಔಷಧದಂಗಡಿಯ ಮೇಲಿನ ಕೋಣೆ. ರೆನ್ಸ್ಕೆ.
ಅಮ್ಮನ ಬಗ್ಗೆ ಕೇಳುತ್ತಾಳೆಂದು
ಅಮ್ಮನನ್ನು ಪೂರ್ತಿ ತಯಾರು ಮಾಡಿಕೊಂಡು ಹೋಗಿದ್ದೆ.
ಅವಳು ಕೇಳಿದ್ದು ಗುಂಡಿಯ ಬಣ್ಣ.
ಮೆಟ್ಟಿಲು ಎಷ್ಟು, ಕನ್ನಡಿ ಯಾವ ಕಡೆ,
ಚಳಿಗಾಲದಲ್ಲಿ ಕ್ಯಾಬಿನ್ನಿನೊಳಗೆ ಹೀಟರ್ ಇದೆಯೇ.
'ಮೊದಲು ವಾಸಿಯಾಗಲಿ, ಆಮೇಲೆ ಸೇತುವೆ' ಅಂದೆ.
'ಈಜು ಬಂದ ಮೇಲೇ ನೀರಿಗಿಳಿಯುವುದೋ?' ಅಂದಳು,
ಕಾಗದದ ಮೇಲೆ ಒಂದು ಏಣಿ ಬರೆದಳು,
ಸೊಟ್ಟಗೆ.

ಮೊದಲ ಮೆಟ್ಟಿಲು: ಸೇತುವೆ ದಾಟುವುದು, ನಿಲ್ಲದೆ.
ಎರಡನೆಯದು: ಹಿಲ್ಕೆಯ ಜೊತೆ ಕ್ಯಾಬಿನ್ನಿನಲ್ಲಿ ಕಾಫಿ,
ಕೈಗಳು ಜೇಬಿನಲ್ಲಿ.
ಮೂರನೆಯದು: ಒಂದು ದೋಣಿ, ಒಂದು ನೋಟ, ಒಂದು ಒತ್ತು.
ಮತ್ತೆ ನೋಡಬಾರದು.
ಎಷ್ಟೇ ಬೇಡಿಕೊಂಡರೂ ಮತ್ತೆ ನೋಡಬಾರದು.
ಭಯಕ್ಕೆ ನೂರಕ್ಕೆ ಎಷ್ಟು ಅಂಕ, ಪುಸ್ತಕದಲ್ಲಿ ಬರೆಯುವುದು.
ತೊಂಬತ್ತೈದು. ತೊಂಬತ್ತೈದು. ಎಂಬತ್ತು.
ಹೀಟರ್ ಗುರ್ರೆನ್ನುತ್ತಿತ್ತು. ಅರವತ್ತು.
ಭಯಕ್ಕೂ ಕಾಲು ನೋಯುತ್ತದೆ ಅಂತ ಕಾಣುತ್ತೆ;
ನಿಂತು ನಿಂತು, ಯಾರೂ ಕುರ್ಚಿ ಕೊಡದಿದ್ದರೂ
ತಾನೇ ಕೂರುತ್ತದೆ.

ಎಲ್ಲ ದಿನವೂ ಅಲ್ಲ.
ಫೆಬ್ರವರಿಯಲ್ಲಿ ಒಮ್ಮೆ ಹನ್ನೊಂದು ಸಲ ಇಳಿದು ನೋಡಿದೆ,
ಮನೆಗೆ ಬಂದು ಎರಡು ದಿನ ಪರದೆ ಸರಿಸಲಿಲ್ಲ.
ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ ಹೇಳಿದಾಗ
ರೆನ್ಸ್ಕೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.
'ಹನ್ನೊಂದನೇ ಸಲ ಏನು ಕಂಡಿತು?'
ಏನೂ ಇಲ್ಲ. ಒಂದು ಬಾತುಕೋಳಿ.
'ಹನ್ನೆರಡನೇ ಸಲ ಯಾಕೆ ಇಳಿಯಲಿಲ್ಲ?'
ಇದನ್ನು ನಾನು ಯೋಚಿಸಿರಲಿಲ್ಲ.
ಅಮ್ಮ ಆ ದಿನ ಬಂದಳು, ಕರೆಯದೆ,
ಮಲಗುವ ಮುನ್ನ ಗ್ಯಾಸಿನ ಗುಬ್ಬಿಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದ ಅಮ್ಮ.
ಐದು ನಿಮಿಷ ಇದ್ದು ಹೋದಳು.

ಏಪ್ರಿಲ್. ಗಾಳಿ.
ನೀಲಿ ದೋಣಿಯೊಂದು ಬಂತು, ಚುಕ್ಕಾಣಿ ಹಿಡಿದ ಅಜ್ಜಿ, ಮುಂದೆ ಒಬ್ಬ ಹುಡುಗ.
ನೋಡಿದೆ. ಒಮ್ಮೆ.
ಒತ್ತಿದೆ.
ಗಂಟೆ ಬಡಿಯಿತು, ಗೇಟು ಇಳಿಯಿತು,
ರಸ್ತೆಯೇ ಎದ್ದು ನಿಂತಿತು ಆಕಾಶಕ್ಕೆ ಬೆನ್ನು ಕೊಟ್ಟು.
ಗಾಳದ ಕೋಲಿನ ತುದಿಗೆ ಕಟ್ಟಿದ ಮರದ ಬೂಟನ್ನು
ಕೆಳಗೆ ತೂಗಿದೆ, ಸುಂಕಕ್ಕೆ.
ಹುಡುಗ ನಾಣ್ಯ ಹಾಕಿದ, ಜೊತೆಗೆ
ಅರ್ಧ ತಿಂದ ಬಿಸ್ಕತ್ತನ್ನೂ.
ರಸ್ತೆಯ ಎರಡೂ ಕಡೆ ಇಂಜಿನ್ನುಗಳು ಒಂದೊಂದಾಗಿ ಆರಿದವು.
ಕುತ್ತಿಗೆಯ ಹಿಂದೆ 'ಇದ್ದಿದ್ದರೆ' ಉಸಿರಾಡುತ್ತಿತ್ತು.
ಉಸಿರಾಡಲಿ ಬಿಡು ಅಂದೆ.

ಆ ಸಂಜೆ ರೆನ್ಸ್ಕೆಗೆ ಹೇಳಿದೆ,
ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತು:
ಎದ್ದು ನಿಂತ ಸೇತುವೆಯ ಮೇಲೆ ಯಾರೂ ದಾಟಲಾರರು,
ಹಾಗಂತ ಅದು ಮುರಿದಿದೆ ಅನ್ನುತ್ತಾರೆಯೇ?
ನಾನೂ ಎಂಟು ತಿಂಗಳು
ಹಾಗೇ ನಿಂತಿದ್ದೆನೋ ಏನೋ.

ಚೆನ್ನಾಗಿದೆ ಅಂದಳು. ಬರೆದುಕೊಂಡಳು.
ಪೆನ್ನಿನ ಮುಚ್ಚಳ ಹಾಕದೆ ಕೇಳಿದಳು:
'ಬುಧವಾರ ಎಷ್ಟು ಹೊತ್ತು?'

ಎರಡು ಗಂಟೆ, ಅಂದೆ.